ಇಆರ್‌ಸಿ ಸ್ಟಾರ್ಟಿಂಗ್ ಗ್ರಾಂಟ್‌ಗೆ ಐದು ವಾರ ಉಳಿದಿದೆ. ಗೊತ್ತಿರುವವರು ದಯವಿಟ್ಟು ಹೇಳಿ

ವರದಾ_ದಂಡೆ:
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡಿದ್ದೆ. ಮೊದಲ ಸಲ ಬರೆಯುತ್ತಿದ್ದೇನೆ.

ನಮ್ಮೂರು ಹಾವೇರಿ ಜಿಲ್ಲೆ. ಬೆಂಗಳೂರಿನಲ್ಲಿ ಪಿಎಚ್‌ಡಿ ಮುಗಿಸಿ ಐದು ವರ್ಷ ಆಯಿತು. ಈಗ ನೆದರ್‌ಲ್ಯಾಂಡ್ಸ್‌ನಲ್ಲಿ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ಆದ ಮೇಲಿನ ತಾತ್ಕಾಲಿಕ ಸಂಶೋಧನಾ ಕೆಲಸ. ಗಿಡದ ಬೇರುಗಳ ಮೇಲೆ ಕೆಲಸ. ಕಾಂಟ್ರಾಕ್ಟ್ ಇನ್ನು ಹದಿನಾಲ್ಕು ತಿಂಗಳು ಇದೆ, ಅಷ್ಟೆ.

ಸೆಪ್ಟೆಂಬರ್ 4ಕ್ಕೆ ಯುರೋಪಿಯನ್ ರಿಸರ್ಚ್ ಕೌನ್ಸಿಲ್‌ನ (ಇಆರ್‌ಸಿ) 2025ರ ಸ್ಟಾರ್ಟಿಂಗ್ ಗ್ರಾಂಟ್ ಫಲಿತಾಂಶ ಬಂತು. ಸ್ವಂತ ಗುಂಪು ಕಟ್ಟಲು ಹೊರಟ ಸಂಶೋಧಕರಿಗೆ ಕೊಡುವ ದುಡ್ಡು ಇದು. 3,928 ಅರ್ಜಿ ಹೋಗಿದ್ದವು, 478 ಜನಕ್ಕೆ ಸಿಕ್ಕಿದೆ. ನಮ್ಮ ಕಾರಿಡಾರಿನ ಒಬ್ಬಳಿಗೂ ಸಿಕ್ಕಿತು. ಅವಳು ಕಾಫಿ ಮಷಿನ್ ಹತ್ತಿರ ನಿಂತು ಅಳುತ್ತಿದ್ದಳು. ಹೋಗಿ ತಬ್ಬಿಕೊಂಡೆ. ಆಮೇಲೆ ನನ್ನ ಟೇಬಲ್ಲಿಗೆ ಬಂದು ಕೂತು, ನಾನೂ ಹಾಕಬೇಕು ಅಂದುಕೊಂಡೆ. ಮುಂದಿನ, ಅಂದರೆ 2026ರ ಸುತ್ತಿಗೆ 2025ರ ಅಕ್ಟೋಬರ್ 14 ಕೊನೆಯ ದಿನ.

ಮೂರು ವಿಷಯ ಕೇಳಬೇಕಿತ್ತು. ಇಂಡಿಯನ್ ಪಾಸ್‌ಪೋರ್ಟ್ ಇರುವವರಿಗೆ ನಿಜವಾಗಲೂ ಕೊಡುತ್ತಾರಾ? ಕಾಯಂ ಕೆಲಸ ಇಲ್ಲದವಳು ಹಾಕಬಹುದಾ? ಮೂರನೆಯದೇ ದೊಡ್ಡದು. ನನಗೆ ಮಾಡಬೇಕು ಅನಿಸುವ ಕೆಲಸ ರಾಗಿಯ ಮೇಲೆ. ಯುರೋಪಿನವರ ತೆರಿಗೆ ದುಡ್ಡಿನಲ್ಲಿ ರಾಗಿ ಯಾಕೆ ಅಂತ ಕೇಳಿದರೆ ಏನು ಹೇಳಲಿ? ಗೋಧಿ ಅಂತ ಬದಲಾಯಿಸಿಬಿಡಲಾ?

ರೈನ್_ತೀರದವ:
ಬದಲಾಯಿಸಬೇಡಿ. ಮೊದಲು ಇದನ್ನೇ ಹೇಳಿಬಿಡುತ್ತೇನೆ.

ನಾನು ಜರ್ಮನಿಯಲ್ಲಿ ಒಂದು ಸಣ್ಣ ಗುಂಪು ನಡೆಸುತ್ತಿದ್ದೇನೆ. ನನ್ನ ಸ್ಟಾರ್ಟಿಂಗ್ ಗ್ರಾಂಟ್ ಮುಗಿದಿದೆ. ನಿಮ್ಮ ಮೊದಲ ಎರಡು ಪ್ರಶ್ನೆಗೆ ಉತ್ತರ ಚಿಕ್ಕದು. ಯಾವ ದೇಶದ ಪಾಸ್‌ಪೋರ್ಟ್ ಆದರೂ ನಡೆಯುತ್ತದೆ. ಅರ್ಜಿ ಹಾಕುವಾಗ ಬೆಂಗಳೂರಿನಲ್ಲೇ ಇದ್ದರೂ ಪರವಾಗಿಲ್ಲ. ಗ್ರಾಂಟ್ ಬಂದ ಮೇಲೆ ನಿಮ್ಮ ಸಮಯದ ಅರ್ಧವಾದರೂ ಯುರೋಪಿಯನ್ ಒಕ್ಕೂಟದಲ್ಲೋ ಅದಕ್ಕೆ ಸೇರಿಕೊಂಡ ದೇಶಗಳಲ್ಲೋ ಕಳೆಯಬೇಕು. ಕಾಯಂ ಕೆಲಸ ಬೇಡ, ಆದರೆ ಒಂದು ವಿಶ್ವವಿದ್ಯಾಲಯ ಅಥವಾ ಸಂಸ್ಥೆ ‘ಇವರನ್ನು ನಾವು ಇಟ್ಟುಕೊಳ್ಳುತ್ತೇವೆ’ ಅಂತ ಪತ್ರ ಕೊಡಬೇಕು. ಈ 2026ರ ಸುತ್ತಿಗೆ ಪಿಎಚ್‌ಡಿ ಆಗಿ ಎರಡರಿಂದ ಏಳು ವರ್ಷದೊಳಗೆ ಇರಬೇಕು. ನೀವು ಒಳಗಿದ್ದೀರಿ.

ಮೂರನೆಯದಕ್ಕೆ ಸ್ವಲ್ಪ ಉದ್ದ ಬರೆಯಬೇಕು. 2007ಕ್ಕೆ ಮುಂಚೆ ಯುರೋಪಿನ ಸಂಶೋಧನಾ ದುಡ್ಡು ಹೆಚ್ಚಿನದು ಬರುತ್ತಿದ್ದುದು ಹೀಗೆ: ಬ್ರಸೆಲ್ಸ್‌ನವರು ವಿಷಯ ಕೊಡಬೇಕು, ನಾಲ್ಕಾರು ದೇಶದ ಗುಂಪುಗಳು ಜೊತೆ ಸೇರಬೇಕು, ಕೆಲಸ ಹಂಚಿಕೊಳ್ಳಬೇಕು. ಒಬ್ಬ ವಿಜ್ಞಾನಿ ಒಬ್ಬಳೇ ಹೋಗಿ ‘ನನ್ನ ಹತ್ತಿರ ಒಂದು ಪ್ರಶ್ನೆ ಇದೆ’ ಅಂತ ಕೇಳಲು ಇದ್ದ ಬಾಗಿಲು ಕಡಿಮೆ. ಇಆರ್‌ಸಿ ಅದನ್ನು ತಿರುಗಿಸಿತು. ಇಲ್ಲಿ ವಿಷಯ ನಿಮ್ಮದು. ಎಷ್ಟು ದೇಶ, ಯಾವ ದೇಶ ಅಂತ ಕೋಟಾ ಇಲ್ಲ. ಅಳೆಯುವುದು ಒಂದೇ, ಕೆಲಸ ಎಷ್ಟು ಚೆನ್ನಾಗಿದೆ ಅಂತ. ಮೊದಲ ಅಧ್ಯಕ್ಷ ಫೋಟಿಸ್ ಕಫಾಟೋಸ್ ಗ್ರೀಸಿನವರು, ಮಲೇರಿಯಾ ಸೊಳ್ಳೆಯ ಮೇಲೆ ಕೆಲಸ ಮಾಡಿದವರು. ಆಮೇಲೆ ಬಂದ ಹೆಲ್ಗಾ ನೊವೊಟ್ನಿ ವಿಜ್ಞಾನದ ಬಗ್ಗೆಯೇ ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞೆ. ಇಂಥವರು ಕೂತು ಕಟ್ಟಿದ್ದು ಇದು. ಮೊದಲ ಸುತ್ತಿಗೇ 9,000ಕ್ಕೂ ಜಾಸ್ತಿ ಅರ್ಜಿ ಬಂತು. ಕೊಟ್ಟಿದ್ದು ಸುಮಾರು 300. ಅಷ್ಟು ಜನ ಕಾದು ಕೂತಿದ್ದರು ಅಂತ ಅರ್ಥ.

ಆ ಮೊದಲ ಸುತ್ತಿನಲ್ಲಿ ಸಿಕ್ಕವರಲ್ಲಿ ಕಾನ್‌ಸ್ಟಾಂಟಿನ್ ನೊವೊಸೆಲೊವ್ ಒಬ್ಬರು. 2010ರಲ್ಲಿ ಗ್ರಾಫೀನ್‌ಗೆ (ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ) ನೊಬೆಲ್ ಬಂತಲ್ಲ, ಅವರೇ.

ಜಯನಗರ_4ನೇ_ಬ್ಲಾಕ್:
ನೊಬೆಲ್ ಹೆಸರು ಹೇಳಿದ ತಕ್ಷಣ ಎಲ್ಲರೂ ಸುಮ್ಮನಾಗುತ್ತಾರೆ. ನನಗೆ ಸ್ವಲ್ಪ ತಕರಾರು ಇದೆ, ತಪ್ಪು ತಿಳಿಯಬೇಡಿ.

3,928ರಲ್ಲಿ 478 ಅಂದರೆ ನೂರಕ್ಕೆ ಹನ್ನೆರಡು. ಉಳಿದ 3,450 ಜನ ತಿಂಗಳುಗಟ್ಟಲೆ ಕೂತು ಬರೆದಿದ್ದು ಏನಾಯಿತು? ಅವರೆಲ್ಲ ಸಂಬಳ ತಗೊಂಡೇ ಬರೆದದ್ದು. ಅದೂ ಜನರ ದುಡ್ಡೇ ಅಲ್ವಾ? ಇನ್ನೊಂದು, ಚೆನ್ನಾಗಿರುವುದಕ್ಕೆ ಮಾತ್ರ ಕೊಡುತ್ತೇವೆ ಅಂದರೆ ಈಗಾಗಲೇ ಚೆನ್ನಾಗಿರುವ ಲ್ಯಾಬಿಗೇ ಹೋಗುತ್ತದೆ. ಉಳ್ಳವರಿಗೇ ಬಡಿಸಿದ ಹಾಗೆ.

ಬ್ರನೋ_ಹುಬ್ಬಳ್ಳಿ:
ಜಯನಗರದವರ ಎರಡನೇ ಮಾತು ಖರೇನೇ ಅದ. ನಾನು ಚೆಕ್ ದೇಶದಾಗ ಇದ್ದೀನಿ, ಅದಕ್ಕೇ ಹೇಳ್ತೀನಿ.

ಇಆರ್‌ಸಿ ಫಲಿತಾಂಶ ಬಂದ ದಿನ ಒಂದು ನಕ್ಷೆ ಬರುತ್ತದೆ, ಯಾವ ದೇಶಕ್ಕೆ ಎಷ್ಟು ಅಂತ. ಜರ್ಮನಿ, ಫ್ರಾನ್ಸ್, ನೆದರ್‌ಲ್ಯಾಂಡ್ಸ್, ಬ್ರಿಟನ್ ಕಡೆ ದೊಡ್ಡ ದೊಡ್ಡ ಸಂಖ್ಯೆ. ಪೂರ್ವಕ್ಕೆ ಬಂದ ಹಾಗೆ ಒಂದಂಕಿ. ಕೆಲವು ದೇಶದ ಮೇಲೆ ಸೊನ್ನೆ. ಇಲ್ಲಿನ ಹುಡುಗರು ಕಡಿಮೆ ಬುದ್ಧಿಯವರಲ್ಲ. ಆದರೆ ಇಲ್ಲಿ ಅರ್ಜಿ ಓದಿ ತಿದ್ದುವ ಅನುಭವಿಗಳು ಕಡಿಮೆ. ಪಾಠದ ಹೊರೆ ಜಾಸ್ತಿ. ಗ್ರಾಂಟ್ ಬಂದವರು ಅದನ್ನು ಎತ್ತಿಕೊಂಡು ಪಶ್ಚಿಮಕ್ಕೆ ಹೋಗಬಹುದು, ನಿಯಮ ಬಿಡುತ್ತದೆ. ಹೋದವರೂ ಇದ್ದಾರೆ.

ಆದರೂ ಒಂದು ಮಾತು. ಕೋಟಾ ಇಡಿ ಅಂತ ನಾನು ಕೇಳುವುದಿಲ್ಲ. ಇಲ್ಲಿ ಒಂದು ಇಆರ್‌ಸಿ ಬಂದರೆ ಅದರ ತೂಕ ಎಲ್ಲರಿಗೂ ಗೊತ್ತು, ಯಾಕಂದರೆ ಯಾರ ದಯೆಯಿಂದಲೂ ಬಂದದ್ದಲ್ಲ ಅದು. ಬೇರೆ ಗ್ರಾಂಟ್‌ಗಳ ಬಗ್ಗೆ ಹಾಗೆ ಹೇಳಲು ಆಗುವುದಿಲ್ಲ. ಹಿಂದುಳಿದ ದೇಶಗಳಿಗೆ ಬೇರೆ ಯೋಜನೆ ಇವೆ, ಇಆರ್‌ಸಿ ಪಡೆದವರ ಲ್ಯಾಬಿಗೆ ಹೋಗಿ ಕೆಲವು ತಿಂಗಳು ಇದ್ದು ಅರ್ಜಿ ಬರೆಯುವುದನ್ನು ಕಲಿಯುವ ಫೆಲೋಶಿಪ್ಪೂ ಇದೆ. ಅಂಥದ್ದು ಇನ್ನೂ ಬೇಕು. ತಕ್ಕಡಿ ಮಾತ್ರ ಒಂದೇ ಇರಲಿ.

ಬ್ರಸೆಲ್ಸ್_ಅಕ್ಕ:
ನಾನು ಬೆಲ್ಜಿಯಂನ ಒಂದು ವಿಶ್ವವಿದ್ಯಾಲಯದ ಗ್ರಾಂಟ್ ಆಫೀಸಿನಲ್ಲಿ ಇದ್ದೇನೆ. ವರ್ಷಕ್ಕೆ ಹತ್ತಾರು ಇಂಥ ಅರ್ಜಿ ಕೈಮೇಲೆ ಹೋಗುತ್ತವೆ. ವರದಾ ಅವರಿಗೆ ಕೆಲಸಕ್ಕೆ ಬರುವುದನ್ನಷ್ಟೇ ಬರೆಯುತ್ತೇನೆ.

ಮೊದಲ ಹಂತದಲ್ಲಿ ನಿಮ್ಮ ಯೋಜನೆಯ ಐದು ಪುಟ ಮತ್ತು ನಿಮ್ಮ ಬಗ್ಗೆ ನಾಲ್ಕು ಪುಟ ಇಟ್ಟುಕೊಂಡು ಪ್ಯಾನೆಲ್ ನಿರ್ಧಾರ ಮಾಡುತ್ತದೆ. ಪ್ಯಾನೆಲ್‌ನವರೆಲ್ಲ ವಿಜ್ಞಾನಿಗಳೇ, ಆದರೆ ನಿಮ್ಮ ವಿಷಯದವರು ಒಬ್ಬರೋ ಇಬ್ಬರೋ. ಉಳಿದವರಿಗೆ ಬೇರು ಅಂದರೆ ಬೇರು, ಅಷ್ಟೇ ಗೊತ್ತು. ಅವರಿಗೂ ‘ಅರೆ, ಇದು ಹೌದಲ್ಲ’ ಅನ್ನಿಸಬೇಕು. ಆಮೇಲೆ ಎ, ಬಿ, ಸಿ ಅಂತ ಶ್ರೇಣಿ ಕೊಡುತ್ತಾರೆ. ಎ ಬಂದವರಲ್ಲಿ ಮೇಲಿನವರಿಗೆ ಎರಡನೇ ಹಂತ. ಬಿ ಬಂದರೆ ಒಂದು ವರ್ಷ, ಸಿ ಬಂದರೆ ಎರಡು ವರ್ಷ ಹೊರಗೆ ಕೂರಬೇಕು. ಹಾಗಾಗಿ ಅವಸರದಲ್ಲಿ ಅರೆಬೆಂದದ್ದು ಹಾಕಬೇಡಿ ಅಂತ ಎಲ್ಲರಿಗೂ ಹೇಳುತ್ತೇನೆ. ನಿಮಗಿನ್ನೂ ಎರಡು ವರ್ಷ ಅವಕಾಶ ಇದೆ.

ಮಕ್ಕಳಿದ್ದರೆ ಹೇಳಿ. ತಾಯಂದಿರಿಗೆ ಒಂದು ಮಗುವಿಗೆ 18 ತಿಂಗಳು ಅವಧಿ ವಿಸ್ತರಣೆ ಇದೆ. ಎಷ್ಟೋ ಜನಕ್ಕೆ ಇದು ಗೊತ್ತೇ ಇರುವುದಿಲ್ಲ. ‘ನನ್ನ ಏಳು ವರ್ಷ ಮುಗಿಯಿತು’ ಅಂತ ಬಿಟ್ಟುಬಿಟ್ಟಿರುತ್ತಾರೆ. ಹೋದ ವರ್ಷ ಹಾಗೆ ಕೈಬಿಟ್ಟಿದ್ದ ಒಬ್ಬರನ್ನು ಕೂರಿಸಿ ಲೆಕ್ಕ ಹಾಕಿಸಿದೆ. ಇಬ್ಬರು ಮಕ್ಕಳು, ಮೂರು ವರ್ಷ ವಾಪಸ್ ಬಂತು. ಅವರ ಮುಖ ನಾನು ಮರೆಯುವುದಿಲ್ಲ.

ಈಗ ನಿಮ್ಮ ಮೊದಲ ಪ್ಯಾರಾ ಇಲ್ಲಿ ಹಾಕಿ. ಪೂರ್ತಿ ಬೇಡ, ನಾಲ್ಕು ಸಾಲು ಸಾಕು.

ವರದಾ_ದಂಡೆ:
ಇಷ್ಟು ಬೇಗ ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಕ್ಕಳಿಲ್ಲ ಅಕ್ಕ. ಕನ್ನಡದಲ್ಲಿ ಹೇಳುವುದಾದರೆ ಈಗಿನ ಮೊದಲ ಸಾಲುಗಳು ಹೀಗಿವೆ:

‘ಹವಾಮಾನ ಬದಲಾವಣೆ ಜಗತ್ತಿನ ಆಹಾರ ಭದ್ರತೆಗೆ ದೊಡ್ಡ ಸವಾಲಾಗಿದೆ. ಬರ ತಡೆಯುವ ಬೆಳೆಗಳ ಅಗತ್ಯ ಹೆಚ್ಚುತ್ತಿದೆ. ಬೇರಿನ ಬೆಳವಣಿಗೆ ಇದರಲ್ಲಿ ಮುಖ್ಯ ಪಾತ್ರ ವಹಿಸುತ್ತದೆ.’

ಬ್ರಸೆಲ್ಸ್_ಅಕ್ಕ:
ಬೇಜಾರು ಮಾಡಿಕೊಳ್ಳಬೇಡಿ. ಈ ಮೂರು ಸಾಲು ಈ ವರ್ಷವೇ ನಾನು ಏಳೆಂಟು ಅರ್ಜಿಗಳಲ್ಲಿ ಓದಿದ್ದೇನೆ. ಇದರಲ್ಲಿ ನೀವು ಎಲ್ಲಿದ್ದೀರಿ? ರಾಗಿ ಎಲ್ಲಿದೆ? ನಿಮಗೆ ಈ ಪ್ರಶ್ನೆ ಹುಟ್ಟಿದ್ದು ಎಲ್ಲಿ, ಅದನ್ನು ನಿಮ್ಮ ತಂಗಿಗೆ ಹೇಳುವ ಹಾಗೆ ಬರೆಯಿರಿ.

ವರದಾ_ದಂಡೆ:
ಸರಿ ಅಕ್ಕ, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ನಮ್ಮ ಕಡೆ ಗುಳಿ ರಾಗಿ ಅಂತ ಮಾಡುತ್ತಾರೆ. ಚೌಕ ಚೌಕವಾಗಿ ಗುಳಿ ಮಾಡಿ, ಗೊಬ್ಬರ ಹಾಕಿ, ಸಸಿ ನೆಡುತ್ತಾರೆ. ಸಸಿ ಹಿಡಿದುಕೊಂಡ ಮೇಲೆ ಎತ್ತು ಕಟ್ಟಿ ಹೊಲದ ಮೇಲೆ ಕೊರಡು ಎಳೆಯುತ್ತಾರೆ. ಮರದ ದಿಮ್ಮಿ ಅದು. ಎಳೆ ಸಸಿಯ ಮೇಲೇ ಹೋಗುತ್ತದೆ. ಚಿಕ್ಕವಳಿದ್ದಾಗ ನನಗೆ ಹೊಟ್ಟೆ ಉರಿಯುತ್ತಿತ್ತು, ಇಷ್ಟು ಕಷ್ಟಪಟ್ಟು ನೆಟ್ಟದ್ದನ್ನು ಯಾಕೆ ತುಳಿಸುತ್ತಾರೆ ಅಂತ. ಗಿಡ ಎಲ್ಲ ಮಲಗಿಬಿಡುತ್ತಿತ್ತು. ಕೆಲವು ದಿನಕ್ಕೆ ಎದ್ದು ನಿಲ್ಲುತ್ತಿತ್ತು, ಮೊದಲಿಗಿಂತ ಜಾಸ್ತಿ ತೆಂಡೆ (ಬುಡದ ಹೊಸ ಕವಲು) ಒಡೆದು. ಕಿತ್ತು ನೋಡಿದರೆ ಬೇರು ದಟ್ಟವಾಗಿ ಮಣ್ಣು ಕಚ್ಚಿಕೊಂಡಿರುತ್ತಿತ್ತು. ನಮ್ಮ ಅಜ್ಜ ‘ಬಾಗಿಸಿದರೆ ಬೇರು ಎಚ್ಚರಾಗತೈತಿ’ ಅನ್ನುತ್ತಿದ್ದರು.

ನನ್ನ ಪ್ರಶ್ನೆ ಇದೇ. ದಂಟು ಬಾಗಿದ್ದು ಬೇರಿಗೆ ಹೇಗೆ ಗೊತ್ತಾಗುತ್ತದೆ? ಮೇಲೆ ಬಿದ್ದ ಪೆಟ್ಟಿನ ಸುದ್ದಿ ಕೆಳಗೆ ಯಾವ ದಾರಿಯಲ್ಲಿ ಹೋಗುತ್ತದೆ? ಎಷ್ಟು ದಿನದ ಸಸಿಗೆ ಕೇಳಿಸುತ್ತದೆ, ಯಾವಾಗಿನಿಂದ ಕೇಳಿಸುವುದಿಲ್ಲ? ಲ್ಯಾಬಿನಲ್ಲಿ ಇಲ್ಲಿಯ ಮಾದರಿ ಗಿಡದ ಮೇಲೆ ಸಣ್ಣದಾಗಿ ಮಾಡಿ ನೋಡಿದ್ದೇನೆ. ಏನೋ ಇದೆ. ಆದರೆ ಇದನ್ನು ಪ್ರೊಪೋಸಲ್‌ನಲ್ಲಿ ಬರೆದರೆ ಹಳ್ಳಿ ಕಥೆ ಅನ್ನುತ್ತಾರೆ ಅಂತ ಭಯ.

ರೈನ್_ತೀರದವ:
ನಾನು ಭೌತಶಾಸ್ತ್ರದವನು. ಗಿಡದ ಬಗ್ಗೆ ಏನೂ ಗೊತ್ತಿಲ್ಲ. ಇದನ್ನು ಓದಿ ಕುರ್ಚಿಯಲ್ಲಿ ಮುಂದೆ ಬಂದು ಕೂತೆ. ಪ್ಯಾನೆಲ್‌ನ ಎಲ್ಲರಿಗೂ ಹೀಗೇ ಆಗಬೇಕು.

ಜಯನಗರ_4ನೇ_ಬ್ಲಾಕ್:
ಪ್ರಶ್ನೆ ಚೆನ್ನಾಗಿದೆ, ಒಪ್ಪುತ್ತೇನೆ. ನನ್ನ ತಕರಾರು ಇವರ ಮೇಲಲ್ಲ. ಜನರ ದುಡ್ಡು ಅಂದ ಮೇಲೆ ಜನರ ತುರ್ತು ಮೊದಲು ಬರಬೇಡವೇ? ಕೋವಿಡ್ ಬಂದಾಗ ಇಆರ್‌ಸಿ ಅಧ್ಯಕ್ಷರೇ ರಾಜೀನಾಮೆ ಕೊಟ್ಟು ಹೋದರಲ್ಲ, ಇದೇ ಕಾರಣಕ್ಕೆ.

ರೈನ್_ತೀರದವ:
ಹೌದು. 2020ರ ಏಪ್ರಿಲ್. ಮೌರೋ ಫೆರಾರಿ ಅಧ್ಯಕ್ಷರಾಗಿ ಮೂರು ತಿಂಗಳು ಆಗಿತ್ತು. ಕೋವಿಡ್‌ಗಾಗಿಯೇ ವಿಶೇಷ ಯೋಜನೆ ಬೇಕು ಅಂತ ಅವರ ವಾದ. ವಿಜ್ಞಾನಿಗಳ ಮಂಡಳಿ ಒಪ್ಪಲಿಲ್ಲ. ನಾವು ವಿಷಯ ಕೊಡುವವರಲ್ಲ, ಅದಕ್ಕೆ ಒಕ್ಕೂಟದಲ್ಲಿ ಬೇರೆ ವಿಭಾಗಗಳಿವೆ ಅಂದರು. ಅದೊಂದೇ ಕಾರಣ ಅಲ್ಲ ಅಂತಲೂ ಮಂಡಳಿ ಹೇಳಿತು, ಅವರು ಕೆಲಸಕ್ಕೆ ಸಮಯ ಕೊಡುತ್ತಿಲ್ಲ ಅಂತ ಮಾರ್ಚ್‌ನಲ್ಲೇ ಎಲ್ಲರೂ ಸೇರಿ ರಾಜೀನಾಮೆ ಕೇಳಿದ್ದರು.

ಆಗ ನನಗೂ ಮನಸ್ಸು ತಡೆಯಲಿಲ್ಲ. ಊರಿನಲ್ಲಿ ಅಪ್ಪ ಅಮ್ಮ ಇಬ್ಬರೇ ಇದ್ದರು. ಜಗತ್ತು ಹೊತ್ತಿ ಉರಿಯುವಾಗ ಎಂಥಾ ನಿಯಮ ಅಂತ ಸಿಟ್ಟು ಬಂದಿತ್ತು. ಆದರೆ ಒಂದು ನೋಡಿ. ಕೋವಿಡ್ ಲಸಿಕೆ ಮಾಡಿದ ಬಯೋಎನ್‌ಟೆಕ್ ಕಂಪನಿಯ ಊರ್ ಶಾಹಿನ್‌ಗೆ ಕೋವಿಡ್‌ಗೆ ಮುಂಚೆಯೇ ಇಆರ್‌ಸಿ ಅಡ್ವಾನ್ಸ್‌ಡ್ ಗ್ರಾಂಟ್ (ಹಿರಿಯ ಸಂಶೋಧಕರಿಗೆ ಕೊಡುವುದು) ಇತ್ತು. ಯಾವುದಕ್ಕೆ? ಕ್ಯಾನ್ಸರ್ ವಿರುದ್ಧ ದೇಹದ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವುದಕ್ಕೆ. ಲಸಿಕೆಗೆ ದುಡ್ಡು ಬೇರೆ ಕಡೆಯಿಂದ ಬಂತು, ಅದನ್ನು ಇಆರ್‌ಸಿ ಖಾತೆಗೆ ಹಾಕಲು ನಾನು ಹೋಗುವುದಿಲ್ಲ. ಆದರೆ ತುರ್ತು ಬಂದಾಗ ತಯಾರಿದ್ದವರು ಯಾರು? ತುರ್ತು ಇಲ್ಲದಾಗ ತಮ್ಮ ಪ್ರಶ್ನೆಯ ಹಿಂದೆ ವರ್ಷಗಟ್ಟಲೆ ಹೋದವರು. ಬಾವಿ ತೋಡಿಟ್ಟವರ ಹತ್ತಿರ ತಾನೇ ನೀರು ಸಿಗುವುದು?

ಜಯನಗರ_4ನೇ_ಬ್ಲಾಕ್:
ಈ ಮಾತು ಒಪ್ಪಿದೆ. 3,450 ಜನರ ಸಮಯದ ಮಾತು ಮಾತ್ರ ವಾಪಸ್ ತಗೊಳ್ಳುವುದಿಲ್ಲ.

ಬ್ರಸೆಲ್ಸ್_ಅಕ್ಕ:
ತಗೊಳ್ಳಬೇಡಿ. ಅದು ನಮ್ಮ ಆಫೀಸಿನಲ್ಲೂ ದಿನಾ ಕಾಡುವ ಮಾತು. ಪ್ಯಾನೆಲ್‌ನವರೇ ‘ಇದಕ್ಕೆ ಕೊಡಬೇಕಿತ್ತು, ದುಡ್ಡು ಮುಗಿಯಿತು’ ಅಂತ ಬರೆದು ಕಳಿಸಿದ ಅರ್ಜಿಗಳಿವೆ. 2021ರಿಂದ 2027ರವರೆಗೆ ಇಆರ್‌ಸಿಗೆ ಇರುವುದು ಸುಮಾರು 1,600 ಕೋಟಿ ಯೂರೋ. ಕೇಳಲು ದೊಡ್ಡದು. ಏಳು ವರ್ಷಕ್ಕೆ, ಎಲ್ಲ ವಿಷಯಕ್ಕೆ, ಇಷ್ಟು ದೇಶಕ್ಕೆ ಹಂಚಿದರೆ ಸಾಲುವುದಿಲ್ಲ. ಉತ್ತರ ಅಂದರೆ ದುಡ್ಡು ಹೆಚ್ಚಿಸುವುದು. ಬೇರೆ ಉಪಾಯ ನನಗೆ ಕಾಣುವುದಿಲ್ಲ.

ಶಾಸನ_ಓದುಗ:
ಎಲ್ಲರೂ ವಿಜ್ಞಾನದ ಬಗ್ಗೆಯೇ ಹೇಳುತ್ತಿದ್ದೀರಿ. ಇತಿಹಾಸ, ಭಾಷೆ ಓದಿದವರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ಇಆರ್‌ಸಿಯ ಮೂರು ದೊಡ್ಡ ವಿಭಾಗಗಳಲ್ಲಿ ಒಂದು ಪೂರ್ತಿ ಸಮಾಜ ವಿಜ್ಞಾನ ಮತ್ತು ಮಾನವಿಕ ವಿಷಯಗಳದ್ದು.

ಸಿನರ್ಜಿ ಗ್ರಾಂಟ್ ಅಂತ ಇದೆ. ಇಬ್ಬರಿಂದ ನಾಲ್ಕು ಜನ ಸೇರಿ ಕೇಳಬಹುದು, ಆರು ವರ್ಷಕ್ಕೆ ಒಂದು ಕೋಟಿ ಯೂರೋವರೆಗೆ. ಕಪ್ಪುಕುಳಿಯ ಮೊದಲ ಚಿತ್ರ 2019ರ ಏಪ್ರಿಲ್‌ನಲ್ಲಿ ಬಂತಲ್ಲ, ಅದರ ಹಿಂದೆ ಇದ್ದ ಯುರೋಪಿನ ಗುಂಪಿಗೆ ಸಿಕ್ಕಿದ್ದು ಇಂಥದೇ ಗ್ರಾಂಟ್. ಅದೇ ಸಿನರ್ಜಿಯಲ್ಲಿ ‘ಧರ್ಮ’ ಅಂತ ಒಂದು ಯೋಜನೆಗೂ ಕೊಟ್ಟರು. ಪ್ಯಾರಿಸ್, ಬರ್ಲಿನ್, ನೇಪಲ್ಸ್‌ನವರು ಸೇರಿ ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ಶಾಸನಗಳನ್ನು ಓದಿ ಕಂಪ್ಯೂಟರಿಗೆ ಏರಿಸುವ ಕೆಲಸ. ಅದನ್ನು ಮುನ್ನಡೆಸಿದವರಲ್ಲಿ ಒಬ್ಬರು ಆನೆಟ್ ಶ್ಮೀಡ್‌ಚೆನ್, ರಾಷ್ಟ್ರಕೂಟರ ಶಾಸನಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರು. ಕಪ್ಪುಕುಳಿಗೂ ತಾಮ್ರಪಟಕ್ಕೂ ಒಂದೇ ಬಾಗಿಲು. ಇದು ಗೊತ್ತಾದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಟಾಟಾ_ಇನ್‌ಸ್ಟಿಟ್ಯೂಟ್_ಹಳಬ:
ನಾನು ವಾಪಸ್ ಬಂದವನು. ಏಳು ವರ್ಷ ಹೊರಗಿದ್ದೆ, ಈಗ ಕರ್ನಾಟಕದಲ್ಲೇ ಒಂದು ಕಡೆ ಪಾಠ ಮಾಡುತ್ತೇನೆ. ನನಗೆ ಹೊಟ್ಟೆಕಿಚ್ಚು ಆಗುವುದು ದುಡ್ಡಿನ ಮೇಲಲ್ಲ, ಒಂದು ನಿಯಮದ ಮೇಲೆ. ಇಆರ್‌ಸಿ ದುಡ್ಡು ಮನುಷ್ಯನ ಜೊತೆ ಹೋಗುತ್ತದೆ. ಸಂಸ್ಥೆ ಸರಿಯಿಲ್ಲ ಅನಿಸಿದರೆ ಗ್ರಾಂಟ್ ಎತ್ತಿಕೊಂಡು ಇನ್ನೊಂದು ಕಡೆ ಹೋಗಬಹುದು.

ಒಂದು ಸಲ ನಾನಿದ್ದ ಒಂದು ಸಂಸ್ಥೆಯಲ್ಲಿ ನನ್ನ ಯೋಜನೆಗೆ ಬಂದ ದುಡ್ಡಿನಲ್ಲಿ ತರಿಸಿದ ಫ್ರೀಜರ್ ಹನ್ನೊಂದು ತಿಂಗಳು ಪ್ಯಾಕಿಂಗ್ ಬಿಚ್ಚದೆ ವರಾಂಡದಲ್ಲಿ ನಿಂತಿತ್ತು. ಇಡಲು ಕೋಣೆ ಕೊಡಲಿಲ್ಲ. ಕೇಳಿದರೆ ಫೈಲ್ ಹೋಗಿದೆ ಅನ್ನುತ್ತಿದ್ದರು. ಅದರ ಮೇಲೆ ವಿದ್ಯಾರ್ಥಿಗಳು ಟಿಫಿನ್ ಡಬ್ಬಿ ಇಡುತ್ತಿದ್ದರು. ದಿನಾ ಅದರ ಮುಂದೆಯೇ ನಡೆದು ಕ್ಲಾಸಿಗೆ ಹೋಗುತ್ತಿದ್ದೆ. ‘ನನ್ನ ದುಡ್ಡು, ನಾನು ಹೊರಟೆ’ ಅಂತ ಹೇಳಲು ಆಗಿದ್ದರೆ ಆ ಕೋಣೆ ಒಂದೇ ವಾರದಲ್ಲಿ ಸಿಗುತ್ತಿತ್ತು.

ನಮ್ಮಲ್ಲೂ 2023ರಲ್ಲಿ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾಯ್ದೆ ಬಂತು. ಐದು ವರ್ಷಕ್ಕೆ 50,000 ಕೋಟಿ ರೂಪಾಯಿ ಗುರಿ. ಅದರಲ್ಲಿ ಒಂದು ಪಾಲು ಹೀಗೆ ಮನುಷ್ಯನ ಹೆಸರಿಗೆ, ವಿಷಯ ಕೇಳದೆ, ಐದು ವರ್ಷಕ್ಕೆ ಕೊಡಬೇಕು ಅಂತ ನನ್ನ ಆಸೆ. ಈ ಮಾತು ಎಲ್ಲಿ ಸಿಕ್ಕರೂ ಹೇಳುತ್ತೇನೆ.

ವರದಾ_ದಂಡೆ:
ಫ್ರೀಜರ್ ಕಥೆ ಓದಿ ಸಂಕಟ ಆಯಿತು ಸರ್.

ರೈನ್ ಸರ್, ದುಡ್ಡು ಹೇಗೆ ಹಂಚುತ್ತಾರೆ ಅಂತ ಸ್ವಲ್ಪ ಹೇಳುತ್ತೀರಾ? ಈ ಗ್ರಾಂಟಿನಲ್ಲಿ ಸಿಗುವ 15 ಲಕ್ಷ ಯೂರೋ ಅಂದರೆ ಸುಮಾರು 15 ಕೋಟಿ ರೂಪಾಯಿ. ನನ್ನ ಕೈ ನಡುಗುತ್ತದೆ.

ರೈನ್_ತೀರದವ:
ನಡುಗುವಷ್ಟು ಉಳಿಯುವುದಿಲ್ಲ, ನೋಡಿ. 15ರಲ್ಲಿ 3 ಲಕ್ಷ ಸಂಸ್ಥೆಗೆ. ಕರೆಂಟು, ಕಟ್ಟಡ, ಆಡಳಿತ ಎಲ್ಲ ಅದರಲ್ಲೇ. ನೇರ ಖರ್ಚಿನ ಮೇಲೆ ನೂರಕ್ಕೆ 25, ಚರ್ಚೆಯೇ ಇಲ್ಲ. ನಿಮ್ಮ ಕೈಯಲ್ಲಿ 12 ಲಕ್ಷ, ಐದು ವರ್ಷಕ್ಕೆ. ನಿಮ್ಮ ಸಂಬಳದ ಒಂದು ಭಾಗ ಅದರಿಂದಲೇ. ನಿಮ್ಮ ಸಮಯದ ಅರ್ಧವಾದರೂ ಈ ಕೆಲಸಕ್ಕೇ ಕೊಡಬೇಕು. ಇಬ್ಬರು ಪಿಎಚ್‌ಡಿ ವಿದ್ಯಾರ್ಥಿಗಳು, ನಿಮ್ಮ ದೇಶದಲ್ಲಿ ನಾಲ್ಕು ವರ್ಷ ಪೂರ್ತಿ ಸಂಬಳ. ಒಬ್ಬ ಪೋಸ್ಟ್‌ಡಾಕ್. ಒಬ್ಬ ಟೆಕ್ನಿಷಿಯನ್ ಅರ್ಧ ದಿನಕ್ಕೆ. ಆಮೇಲೆ ಗಿಡ ಬೆಳೆಸುವ ಕೋಣೆಯ ಬಾಡಿಗೆ, ಸೀಕ್ವೆನ್ಸಿಂಗ್, ಹಾವೇರಿಗೆ ಓಡಾಟ. ಮುಗಿಯಿತು. ದೊಡ್ಡ ಯಂತ್ರ ಬೇಕಾದರೆ ಮೇಲೆ ಬೇರೆ ಕೇಳಲು ದಾರಿ ಇದೆ.

ನನಗೆ ಗ್ರಾಂಟ್ ಬಂದಾಗ ಬದಲಾದದ್ದು ಬೇರೆ. ಅಲ್ಲಿಯವರೆಗೆ ಪ್ರೊಫೆಸರ್ ಹತ್ತಿರ ಹೋಗಿ ‘ಇದನ್ನು ಮಾಡಿ ನೋಡಲಾ?’ ಅಂತ ಕೇಳುತ್ತಿದ್ದೆ. ಒಂದು ಸೋಮವಾರ ಬೆಳಗ್ಗೆ ಬಂದೆ, ಯಾರನ್ನೂ ಕೇಳಬೇಕಿರಲಿಲ್ಲ. ವೈಟ್‌ಬೋರ್ಡ್ ಒರೆಸಿ ನನ್ನ ಪ್ರಶ್ನೆ ಬರೆದೆ. ಮೂವತ್ತನಾಲ್ಕು ವಯಸ್ಸು ಆಗ. ಆ ಬೋರ್ಡ್ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ.

ಬ್ರನೋ_ಹುಬ್ಬಳ್ಳಿ:
ಪತ್ರ ಕೊಡುವ ಸಂಸ್ಥೆ ಸಿಕ್ಕಿದೆಯಾ ತಂಗಿ? ಅದನ್ನು ಕೊನೆಗೆ ಇಟ್ಟುಕೊಳ್ಳಬೇಡ. ನನಗೆ ಒಂದು ವಿಶ್ವವಿದ್ಯಾಲಯದವರು ಕೊನೆಯ ದಿನ ಮಧ್ಯಾಹ್ನದವರೆಗೆ ಸಹಿ ಹಾಕದೆ ಕೂರಿಸಿದ್ದರು. ಅವತ್ತಿನ ಹೊಟ್ಟೆನೋವು ಯಾರಿಗೂ ಬೇಡ.

ವರದಾ_ದಂಡೆ:
ಈಗಿನ ವಿಭಾಗದವರೇ ಕೊಡುತ್ತೇವೆ ಅಂದಿದ್ದಾರೆ ಅಣ್ಣ. ಇವತ್ತು ಬೆಳಗ್ಗೆ ಹೋಗಿ ಫಾರ್ಮ್ ಕೊಟ್ಟು ಬಂದೆ.

ನಿನ್ನೆ ರಾತ್ರಿ ಕೂತು ಮೊದಲ ಪ್ಯಾರಾ ಹೊಸದಾಗಿ ಬರೆದೆ. ಹೀಗಿದೆ:

‘ಉತ್ತರ ಕರ್ನಾಟಕದ ರೈತರು ಎಳೆ ರಾಗಿಯ ಮೇಲೆ ಮರದ ದಿಮ್ಮಿ ಎಳೆಯುತ್ತಾರೆ. ಸಸಿ ನೆಲಕ್ಕೆ ಬಾಗುತ್ತದೆ. ಮತ್ತೆ ಏಳುವಾಗ ಅದಕ್ಕೆ ಹೆಚ್ಚು ತೆಂಡೆಗಳಿರುತ್ತವೆ, ಬೇರು ದಟ್ಟವಾಗಿರುತ್ತದೆ. ಬಾಗಿದ್ದು ದಂಟು. ಬದಲಾದದ್ದು ಬೇರು. ಈ ಎರಡರ ನಡುವೆ ಏನು ಹರಿಯಿತು ಎಂದು ಇವತ್ತಿಗೂ ನಮಗೆ ತಿಳಿದಿಲ್ಲ.’

ಗೋಧಿ ತೆಗೆದೆ. ಹವಾಮಾನ ಬದಲಾವಣೆ ನಾಲ್ಕನೇ ಪುಟಕ್ಕೆ ಹೋಯಿತು. ಅಜ್ಜನ ಮಾತನ್ನು ಹಾಕಿಲ್ಲ, ಆದರೆ ಅಪ್ಪನಿಗೆ ಫೋನ್ ಮಾಡಿ ಕೊರಡಿನ ಅಳತೆ, ತೂಕ ಕೇಳಿದೆ. ಅವರು ಹಿತ್ತಲಿಗೆ ಹೋಗಿ ಟೇಪು ಹಿಡಿದು ಅಳೆದು ಹೇಳಿದರು. ‘ಇದನ್ನು ಅಲ್ಲಿ ಯಾರು ಕೇಳಿದರವ್ವ?’ ಅಂದರು.

ಬ್ರಸೆಲ್ಸ್_ಅಕ್ಕ:
ಇದನ್ನು ಮುಟ್ಟಬೇಡಿ. ಇನ್ನು ಎರಡನೇ ಪುಟ ಕಳಿಸಿ. ಅಕಸ್ಮಾತ್ ಮೊದಲ ಹಂತ ದಾಟಿದರೆ ಸಂದರ್ಶನ ಇರುತ್ತದೆ, ನಿಮಿಷ ಲೆಕ್ಕ ಹಾಕಿ ಮಾತಾಡಬೇಕು. ಅದನ್ನು ಆಗ ನೋಡೋಣ, ಆದರೆ ಜೋರಾಗಿ ಹೇಳಿ ಅಭ್ಯಾಸ ಈಗಿನಿಂದಲೇ ಆಗಲಿ. ಭಾನುವಾರ ಸಂಜೆ ಯಾರು ಯಾರು ಖಾಲಿ ಇದ್ದೀರಿ?

ರೈನ್_ತೀರದವ:
ನಾನಿದ್ದೇನೆ. ಐದು ಗಂಟೆ.

ಶಾಸನ_ಓದುಗ:
ನಾನೂ ಬರುತ್ತೇನೆ. ಗಿಡ ಗೊತ್ತಿಲ್ಲದವರು ಒಬ್ಬರು ಬೇಕಲ್ಲ.

ಜಯನಗರ_4ನೇ_ಬ್ಲಾಕ್:
ಇಲ್ಲಿ ಆಗ ರಾತ್ರಿ ಎಂಟೂವರೆ. ಪರವಾಗಿಲ್ಲ, ಊಟ ಮುಗಿಸಿ ಬರುತ್ತೇನೆ. ಕಷ್ಟದ ಪ್ರಶ್ನೆಗಳು ನನಗೆ ಬಿಡಿ.